ಕೋಡಿಬಾಗದ ತಗ್ಗಿನ ಅಂಗಳ: ಇಂಗುಗುಂಡಿ ಮುಚ್ಚಿ ಗಿಡದ ಮಡಿ ಎತ್ತಿದ ಕೆಲಸದ ದಾಖಲೆ

ಜಾಗ: ಕಾರವಾರದ ಕೋಡಿಬಾಗ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಮರಳು ನೆಲ. ಮನೆಯ ಮುಂದಿನ ಅಂಗಳ 32 ಅಡಿ ಅಗಲ, 18 ಅಡಿ ಉದ್ದ. ರಸ್ತೆ ಪಶ್ಚಿಮಕ್ಕೆ, ನಾಲ್ಕೂವರೆ ಅಡಿ ಎತ್ತರದ ಪಾಗಾರ (ಕಂಪೌಂಡು ಗೋಡೆ), ಅದರ ಹೊರಗೆ ಮೂರಡಿ ಮಣ್ಣಿನ ಪಟ್ಟಿ, ಆಮೇಲೆ ಗಟಾರ. ಮಳೆಗಾಲದಲ್ಲಿ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು, ಏಪ್ರಿಲ್‌ನಲ್ಲಿ ಬರಿಗಾಲಿಡಲಾಗದಷ್ಟು ಕಾದ ಮರಳು. ಇಡೀ ಅಂಗಳಕ್ಕೆ ಕಾಂಕ್ರೀಟು ಬಳಿಯದೆ ಎರಡಕ್ಕೂ ದಾರಿ ಮಾಡಬೇಕಿತ್ತು. ಮೊದಲ ವರ್ಷದ ಕೆಲಸ ಪೂರ್ತಿ ಹಾಳಾಯಿತು, ಎರಡನೆಯದು ಬಹುಪಾಲು ನಿಂತಿದೆ.

1. ಇಂಗುಗುಂಡಿ (2023 ಏಪ್ರಿಲ್, ವಿಫಲ)

ಮೊದಲು ಮಣ್ಣಿನ ಪರೀಕ್ಷೆ. ಒಂದಡಿ ಆಳದ ಕುಳಿ ತೋಡಿ ಒಂದು ಕೊಡ ನೀರು ಸುರಿದರೆ ಆರು ನಿಮಿಷದಲ್ಲಿ ಖಾಲಿ. ಇಂಥ ನೆಲಕ್ಕೆ ಇಂಗುಗುಂಡಿಗಿಂತ ಸುಲಭದ ಉಪಾಯ ಇಲ್ಲ ಅನ್ನಿಸಿತು. ಅಲ್ಲೇ ತಪ್ಪಿದ್ದು.

ಗುಂಡಿಯ ಅಳತೆ 4×4×4 ಅಡಿ. ಮೂರಡಿ ದಾಟಿದ ಮೇಲೆ ಮರಳಿನ ಬದಿ ಎರಡು ಸಲ ಕುಸಿಯಿತು, ಒಂದು ದಿನದ ಕೆಲಸ ಎರಡು ದಿನ ಹಿಡಿಯಿತು. ಮರಳು ನೆಲದಲ್ಲಿ ಇಷ್ಟು ಆಳಕ್ಕೆ ಬದಿಗೆ ಹಲಗೆ ಕೊಡದೆ ಆಳನ್ನು ಇಳಿಸಲೇಬಾರದು. ಬದಿಗೆ ಜಿಯೋ ಬಟ್ಟೆಯ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಬದಲು ಮನೆಯಲ್ಲಿದ್ದ ಹಸಿರು ನೆರಳು ಪರದೆ ಸುತ್ತಿ, 40 ಮಿ.ಮೀ. ಜಲ್ಲಿ ತುಂಬಿದ್ದಾಯಿತು. ಪರದೆಯ ಕಣ್ಣು ದೊಡ್ಡದು, ಮರಳು ಸಲೀಸಾಗಿ ಒಳಗೆ ಬಂತು. ಮೇಲೆ 120 ಚದರ ಅಡಿ ಮೆಕ್ಸಿಕನ್ ಲಾನ್ ಹಾಸು.

ಜೂನ್ ಮೂರನೇ ವಾರದವರೆಗೆ ಎಲ್ಲ ಚಂದ. ಜುಲೈನಲ್ಲಿ ಗುಂಡಿಯಿಂದ ನೀರು ಮೇಲಕ್ಕೆ ಉಕ್ಕತೊಡಗಿತು. ಲಾನ್ ಹದಿನೈದು ದಿನ ನೀರಿನಲ್ಲಿ ನಿಂತು ಕೊಳೆತು, ಹಿಡಿದು ಎಳೆದರೆ ಚಾಪೆಯ ಹಾಗೆ ಎದ್ದು ಬಂತು.

2. ಬಾವಿಯ ಅಳತೆ (2023 ಜುಲೈ)

ಕಾರಣ ಹಿತ್ತಲ ಬಾವಿಯಲ್ಲೇ ಇತ್ತು. ಹಗ್ಗಕ್ಕೆ ಕಲ್ಲು ಕಟ್ಟಿ, ನೆಲಮಟ್ಟದಿಂದ ನೀರಿನವರೆಗೆ ಅಳೆದದ್ದು: ಮೇ 10ಕ್ಕೆ 8 ಅಡಿ, ಜೂನ್ 25ಕ್ಕೆ 3 ಅಡಿ 2 ಇಂಚು, ಜುಲೈ 9ಕ್ಕೆ 14 ಇಂಚು. ನಾಲ್ಕಡಿಯ ಗುಂಡಿಯಲ್ಲಿ ಮೂರಡಿಗೆ ಹತ್ತಿರ ಅಂತರ್ಜಲವೇ ತುಂಬಿರುವಾಗ ಮೇಲಿನ ನೀರು ಇಂಗುವುದು ಎಲ್ಲಿಗೆ?

ಗುಂಡಿ ಖಾಲಿ ಇದ್ದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಅಂಗಳ 576 ಚದರ ಅಡಿ, ಮುಂದಕ್ಕೆ ಇಳಿಯುವ ಮಾಡಿನ ಭಾಗ 600, ಒಟ್ಟು ಸುಮಾರು 109 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ದಿನಕ್ಕೆ 100 ಮಿ.ಮೀ. ಸುರಿದರೆ 10,900 ಲೀಟರ್, ಅದು ಈ ಕರಾವಳಿಯ ಜುಲೈಗೆ ಅಪರೂಪವಲ್ಲ. ಜಲ್ಲಿ ತುಂಬಿದ 64 ಘನ ಅಡಿ ಗುಂಡಿಯಲ್ಲಿ ಸಂದಿ ಜಾಗ 40 ಶೇಕಡಾ ಹಿಡಿದರೂ 725 ಲೀಟರ್ ಮಾತ್ರ.

ಹಾಗಾಗಿ ಕಾಳಿ ದಂಡೆಯ ಇಂಥ ತಗ್ಗಿನಲ್ಲಿ ಏಪ್ರಿಲ್ ತಿಂಗಳ ಇಂಗು ಪರೀಕ್ಷೆಗೆ ಬೆಲೆ ಇಲ್ಲ. ಒಂದು ಮಳೆಗಾಲ ಬಾವಿಯ ಮಟ್ಟ ಬರೆದಿಟ್ಟು, ಅದಕ್ಕಿಂತ ಮೇಲೆ ಏನು ಮಾಡಬಹುದೋ ಅಷ್ಟೇ ಮಾಡಬೇಕು. ಎತ್ತರದ ಚಿರೆಕಲ್ಲು (ಜಂಬಿಟ್ಟಿಗೆ) ನೆಲದಲ್ಲಿ ಇಂಗುಗುಂಡಿ ಕೆಲಸ ಮಾಡಬಹುದು, ಆ ಮಾತು ಬೇರೆ. ಇಲ್ಲಿಗೆ ಬೇಕಾದದ್ದು ಅಡಿಕೆ ತೋಟದ ಕ್ರಮ: ಗಿಡ ಮೇಲೆ, ನೀರು ಬಸಿಗಾಲುವೆಯಲ್ಲಿ.

3. ಗುಂಡಿ ಮುಚ್ಚಿ ಮಟ್ಟ ತೆಗೆದದ್ದು (2023 ನವೆಂಬರ್)

ಜಲ್ಲಿ ಹೊರತೆಗೆದು ತೊಳೆದು ಇಟ್ಟದ್ದು, ಮುಂದೆ ಕಾಲುವೆಗೆ ಬಂತು. ಗುಂಡಿಗೆ ಒಂಬತ್ತೊಂಬತ್ತು ಇಂಚು ಮರಳು ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿದರೂ ಮುಂದಿನ ಮಳೆಗೆ ಮೂರು ಇಂಚು ಕುಸಿಯಿತು. ಮುಚ್ಚಿದ ಗುಂಡಿಯ ಮೇಲೆ ಕಲ್ಲಿನ ದಾರಿ ಬಾರದ ಹಾಗೆ ನಕಾಶೆ ಮಾಡಿಕೊಂಡದ್ದು ಉಪಯೋಗಕ್ಕೆ ಬಂತು.

ಇಳಿಜಾರು ಮನೆಯಿಂದ ರಸ್ತೆಯ ಕಡೆಗೆ 60ಕ್ಕೆ 1, ಅಂದರೆ 18 ಅಡಿಗೆ 3.6 ಇಂಚು. ಗೂಟ ಹೊಡೆದು ನೂಲು ಕಟ್ಟಿ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದ್ದು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದಿದ್ದು ಯಾರ ಗಮನಕ್ಕೂ ಬರಲಿಲ್ಲ, ನೈಋತ್ಯ ಮೂಲೆಯಲ್ಲಿ ಒಂದು ಇಂಚು ತಪ್ಪು ಉಳಿಯಿತು. ಪೈಪಿನ ಎರಡೂ ತುದಿ ಒಂದೇ ಕಡೆ ಹಿಡಿದು ನೀರು ಸರಿಸಮ ನಿಲ್ಲುತ್ತದೆಯೇ ಎಂದು ಮೊದಲು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

4. ಚಿರೆಕಲ್ಲಿನ ಮಡಿ (2023 ಡಿಸೆಂಬರ್)

ಮೂರು ಮಡಿ. ಒಳ ಅಳತೆ: ಪಾಗಾರದ ಬದಿಯ ಪಶ್ಚಿಮ ಮಡಿ 16×2.5 ಅಡಿ, ಉತ್ತರದ ಮಡಿ 10×2.5, ಜಗಲಿಯ ಮುಂದಿನದು 8×3. ಎಲ್ಲದರ ಎತ್ತರ 18 ಇಂಚು. ಒಂದೇ ಬದಿಯಿಂದ ಕೆಲಸ ಮಾಡುವ ಮಡಿಯನ್ನು ಎರಡೂವರೆ ಅಡಿಗಿಂತ ಅಗಲ ಮಾಡಿದರೆ ಕೈ ಎಟಕುವುದಿಲ್ಲ, ಕಳೆ ಕೀಳಲು ಮಡಿಯ ಮೇಲೆ ಕಾಲಿಡಬೇಕಾಗುತ್ತದೆ.

ಕಲ್ಲಿನ ಅಳತೆ ಸುಮಾರು 14×9×7 ಇಂಚು. ಕಲ್ಲನ್ನು ಮಗ್ಗುಲಾಗಿ ನಿಲ್ಲಿಸಿ ಎರಡು ವರಸೆ ಇಟ್ಟರೆ 18 ಇಂಚು ಎತ್ತರ ಸಿಗುತ್ತದೆ. ಮೂರು ಮಡಿಗೆ 170 ಕಲ್ಲು, ದಾರಿಗೆ ಸುಮಾರು 40, ಒಡೆಯುವುದಕ್ಕೆಂದು ಹತ್ತು ಹೆಚ್ಚು ಸೇರಿಸಿ 220 ತರಿಸಿದ್ದು. ಲೋಡು ಇಳಿಸುವ ಮುಂಚೆ ಆರೇಳು ಕಲ್ಲು ಆರಿಸಿ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಲ್ಲು ಟಣ್ಣನೆ ದನಿ ಕೊಡುತ್ತದೆ, ಮೆದು ಕಲ್ಲು ದಬ್ ಅನ್ನುತ್ತದೆ. ಸಂಶಯ ಬಂದದ್ದನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಅಂಚು ಉಜ್ಜಿದರೆ ಜೇಡಿ ಉದುರುವ ಕಲ್ಲು ಸಿಕ್ಕಿಬೀಳುತ್ತದೆ. ಈ ಲೋಡಿನಲ್ಲಿ ಹದಿಮೂರು ಮೆದು ಕಲ್ಲು ಇದ್ದವು, ಅವನ್ನು ನೀರು ತಾಗದ ಮೂಲೆಗಳಿಗೆ ಕೊಟ್ಟದ್ದು.

ಅಡಿಪಾಯಕ್ಕೆ ಆರು ಇಂಚು ಅಗೆದು ಜಲ್ಲಿ ಹಾಕಿ ದಮ್ಮಸು. ಗಾರೆ 1:6 (ಸಿಮೆಂಟು ಒಂದು, ಮರಳು ಆರು). ಚಿರೆಕಲ್ಲು ಒಣಗಿದ್ದರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಮಾರನೇ ದಿನವೇ ಸಂದು ಬಿಡುತ್ತದೆ. ಆದ್ದರಿಂದ ಕಲ್ಲನ್ನು ತೋಯಿಸಿಯೇ ಇಡಬೇಕು, ಏಳು ದಿನ ನೀರುಣಿಸಬೇಕು.

ದೂರದ ಲೆಕ್ಕ ಎರಡು. ಮನೆಯ ಗೋಡೆಯಿಂದ ಒಂದಡಿ ಬಿಟ್ಟದ್ದು, ಮಣ್ಣಿನ ಮೇಲ್ಮಟ್ಟ ಮನೆಯ ತಳಪಾಯದ ಮೇಲಂಚಾದ ಪ್ಲಿಂತ್‌ಗಿಂತ ಆರು ಇಂಚು ಕೆಳಗೆ. ಇಲ್ಲವಾದರೆ ಗೋಡೆಗೆ ತೇವ, ಬಾಗಿಲ ದಾರಂದಕ್ಕೆ ಒರಲೆ. ಪಾಗಾರದಿಂದ ಆರು ಇಂಚು ಬಿಟ್ಟದ್ದು, ಯಾಕೆಂದರೆ ಹಸಿಮಣ್ಣಿನ ಒತ್ತಡಕ್ಕೆ ಪಾಗಾರ ಹೊರಕ್ಕೆ ವಾಲುತ್ತದೆ. ಆ ಸಂದಿಗೆ ಜಲ್ಲಿ ತುಂಬಲೇಬೇಕು. ಖಾಲಿ ಬಿಟ್ಟರೆ ಕಸ, ಕಸಕ್ಕೆ ಇಲಿ, ಇಲಿಯ ಹಿಂದೆ ಹಾವು.

ಈ ಹಂತದ ದೊಡ್ಡ ತಪ್ಪು ನೀರು ಬಸಿಯುವ ತೂತು. ಕೆಳವರಸೆಯಲ್ಲಿ ನಾಲ್ಕಡಿಗೊಂದರಂತೆ ಮುಕ್ಕಾಲು ಇಂಚಿನ ಪೈಪಿನ ತುಂಡು ಇಡಲು ಹೇಳಿದ್ದಾಗಿತ್ತು. ಪಶ್ಚಿಮ ಮಡಿಗೂ ಜಗಲಿ ಮಡಿಗೂ ಗೌಂಡಿ ಸರಿಯಾಗಿ ಇಟ್ಟರು. ಉತ್ತರದ ಮಡಿಯಲ್ಲಿ ಮೈ ಚೊಕ್ಕಟವಾಗಿ ಕಾಣಲಿ ಎಂದು ತೂತಿನ ಮೇಲೆ ಗಾರೆ ಒರೆಸಿಬಿಟ್ಟಿದ್ದರು. ಅದು ತಿಳಿದದ್ದು ಜೂನ್ 20ರ ಸುಮಾರಿಗೆ, ಒಂಬತ್ತು ಅಬ್ಬಲಿಗೆ ಗಿಡ ಬುಡ ಕೊಳೆತು ಮಲಗಿದ ಮೇಲೆ. ಮಡಿ ಬಾನಿಯಾಗಿತ್ತು. ಹ್ಯಾಮರ್ ಡ್ರಿಲ್‌ಗೆ 16 ಮಿ.ಮೀ. ಬಿಟ್ ಹಾಕಿ, ನೆಲದಿಂದ ಎರಡು ಇಂಚು ಮೇಲೆ, ತುದಿ ತುಸು ಮೇಲ್ಮುಖವಾಗಿ ಐದು ಕಡೆ ಕೊರೆದದ್ದು. ಅರ್ಧ ತಾಸು ಕೆಂಪುನೀರು ಹರಿಯಿತು. ಮಣ್ಣು ತುಂಬುವ ಮೊದಲು ಪ್ರತಿ ತೂತಿಗೂ ಒಂದು ಕಡ್ಡಿ ತೂರಿಸಿ ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ.

5. ಬಸಿಗಾಲುವೆ ಮತ್ತು ಹೊರಪೈಪು (2024 ಜನವರಿ)

ಪಶ್ಚಿಮ ಮಡಿಯ ಬುಡದಲ್ಲಿ 20 ಅಡಿ ಉದ್ದ, ಮೇಲೆ 14 ಇಂಚು ಅಗಲ, 6 ಇಂಚು ಆಳ. ಇಳಿಜಾರು ಒಟ್ಟು ಎರಡೂವರೆ ಇಂಚು. ತಳಕ್ಕೆ ಜಿಯೋ ಬಟ್ಟೆ (ಈ ಸಲ ನಿಜವಾದದ್ದು), ಅದರ ಮೇಲೆ ಹಳೆಯ 40 ಮಿ.ಮೀ. ಜಲ್ಲಿ ಎರಡು ಇಂಚು. ಅಂಚಿಗೆ ಒಡೆದ ಚಿರೆಕಲ್ಲಿನ ಚೂರು. ಕಾಲುವೆ ಆಳ ಮಾಡುವ ಆಸೆ ಬೇಡ. ಜುಲೈ ನೀರಿನ ಮಟ್ಟ ನೆಲದಿಂದ 14 ಇಂಚು ಕೆಳಗಿದೆ, ಕಾಲುವೆಯ ತಳ ಅದಕ್ಕಿಂತ ಎಂಟು ಇಂಚು ಮೇಲಿದೆ. ಅಷ್ಟು ಅಂತರ ಇರುವುದರಿಂದಲೇ ಮಳೆ ಬಿಟ್ಟ ಮೇಲೆ ಒಣಗುತ್ತದೆ. ವಾರಗಟ್ಟಲೆ ನೀರು ನಿಂತರೆ ಅದು ಸೊಳ್ಳೆಯ ತೊಟ್ಟಿಲು.

ಪಾಗಾರದ ಅಡಿಯಿಂದ ಗಟಾರಕ್ಕೆ ಮೊದಲು ಹಾಕಿದ್ದು 75 ಮಿ.ಮೀ. ಪೈಪು. ಬಕೆಟ್ಟಿನಿಂದ ನೀರು ಬಿಟ್ಟು ನೋಡಿದಾಗ ಸರಿಯಿತ್ತು. ಫೆಬ್ರವರಿಯಲ್ಲಿ ಪಕ್ಕದ ಮನೆಯ ಕಾಡುಬಾದಾಮಿ ಎಲೆ ಉದುರಿಸತೊಡಗಿತು. ಎರಡು ಎಲೆ ಸಾಕು, ಪೈಪಿನ ಬಾಯಿ ಮುಚ್ಚಲು. ಕಿತ್ತು 110 ಮಿ.ಮೀ. ಹಾಕಿ, ಬಾಯಿಗೆ ಅರ್ಧ ಇಂಚು ಕಣ್ಣಿನ ಜಾಳಿಗೆಯನ್ನು ಓರೆಯಾಗಿ ಕೂರಿಸಿದ್ದು. ನೆಟ್ಟಗೆ ಕೂರಿಸಿದರೆ ಎಲೆ ಅಂಟಿಕೊಳ್ಳುತ್ತದೆ, ಓರೆಯಾದರೆ ಎಲೆ ಮೇಲಕ್ಕೆ ಜಾರಿ ಕೆಳಗೆ ನೀರಿಗೆ ದಾರಿ ಉಳಿಯುತ್ತದೆ. ಗಂಟೆಗೆ 60 ಮಿ.ಮೀ. ರಭಸದ ಮಳೆಗೆ ಇಲ್ಲಿ ಬರುವುದು ಸೆಕೆಂಡಿಗೆ 1.8 ಲೀಟರ್, ನಾಲ್ಕು ಇಂಚಿನ ಪೈಪು ಅದನ್ನು ಸುಲಭವಾಗಿ ಹೊರುತ್ತದೆ.

ಪೈಪಿನ ಹೊರತುದಿ ಎಷ್ಟು ಎತ್ತರಕ್ಕಿರಬೇಕು ಎಂದು ಗಟಾರವನ್ನೇ ಕೇಳಬೇಕು. ಗೋಡೆಯ ಮೇಲೆ ಕಳೆದ ಮಳೆಗಾಲದ ಕಸದ ಗೆರೆ ಉಳಿದಿರುತ್ತದೆ. ಭರತದ (ಸಮುದ್ರದ ಉಬ್ಬರ) ಹೊತ್ತಿಗೇ ದೊಡ್ಡ ಮಳೆ ಬಂದರೆ ಗಟಾರದ ನೀರು ಮುಂದೆ ಹೋಗುವುದಿಲ್ಲ, ತಗ್ಗಿನ ಪೈಪಿನಲ್ಲಿ ಹಿಂದಕ್ಕೆ ಅಂಗಳಕ್ಕೇ ಬರುತ್ತದೆ. ಇಲ್ಲಿ ತುದಿಯನ್ನು ಆ ಗೆರೆಗಿಂತ ಎರಡು ಇಂಚು ಮೇಲೆ ಇಡಲು ಸಾಧ್ಯವಾಯಿತು, ಅದಕ್ಕಿಂತ ಹೆಚ್ಚಿಗೆ ಇಳಿಜಾರು ಸಾಲಲಿಲ್ಲ.

6. ದಾರಿ (2024 ಫೆಬ್ರವರಿ)

ಗೇಟಿನಿಂದ ಮೆಟ್ಟಿಲಿಗೆ 18×3 ಅಡಿ. ನಾಲ್ಕು ಇಂಚು ಅಗೆದು ಜಿಯೋ ಬಟ್ಟೆ, 20 ಮಿ.ಮೀ. ಜಲ್ಲಿ, ಅದರ ಮೇಲೆ ಚಿರೆಕಲ್ಲು ಮಟ್ಟಸವಾಗಿ, ಕಲ್ಲಿಂದ ಕಲ್ಲಿಗೆ ಎರಡೂವರೆ ಇಂಚು ಸಂದು. ಸಂದಿಗೂ ಅದೇ ಜಲ್ಲಿ, ಸಿಮೆಂಟು ಇಲ್ಲ. ಕಲ್ಲಿನ ಮೇಲ್ಮೈಗೆ ಉಳಿಯಿಂದ ಅಡ್ಡಗೆರೆ ಹೊಡೆಸಿದ್ದು ಜಾರದಿರಲಿ ಎಂದು.

ಆದರೂ ಜುಲೈ ಕೊನೆಗೆ ನೆರಳಿನ ಅರ್ಧಕ್ಕೆ ಹಾವಸೆ (ಪಾಚಿ) ಕಟ್ಟಿತು. ಬ್ಲೀಚಿಂಗ್ ಪೌಡರ್ ಎರಚಿ ಉಜ್ಜಿದರೆ ಹತ್ತು ದಿನ ನೆಮ್ಮದಿ, ಆದರೆ ತೊಳೆದ ನೀರು ಕಾಲುವೆಗಿಳಿದು ಒಂದೆಲಗ ಹಳದಿಯಾಯಿತು. ಕೊನೆಗೆ ಶಿರಸಿ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಅಂಗಳದಲ್ಲಿ ಹಾಸುವ ಅಡಿಕೆ ದಬ್ಬೆಯೇ (ಮರದ ಸೀಳು) ಗತಿ. ಮೂರಡಿ ತುಂಡುಗಳನ್ನು ಅಡ್ಡಡ್ಡ ಹಾಸಿ, ಅಕ್ಟೋಬರ್‌ನಲ್ಲಿ ಎತ್ತಿ ಒಣಗಿಸಿ ಇಡುವುದು. ಇಂಟರ್‌ಲಾಕ್ ಹಾಕಿದ್ದರೆ ಹಾವಸೆ ಬರುತ್ತಿರಲಿಲ್ಲ ಎಂದು ಹೇಳುವವರು ಆಗಸ್ಟ್‌ನಲ್ಲಿ ಒಮ್ಮೆ ನೆರಳಿನ ಇಂಟರ್‌ಲಾಕ್ ಮೇಲೆ ಚಪ್ಪಲಿ ಹಾಕಿ ನಡೆದು ನೋಡಲಿ.

7. ಮಣ್ಣು (2024 ಮೇ)

ಮೂರು ಮಡಿಗೆ ಬೇಕಾದದ್ದು ಸುಮಾರು 134 ಘನ ಅಡಿ. ಅರ್ಧ ಬ್ರಾಸ್ (50 ಘನ ಅಡಿ) ಕೆಂಪುಮಣ್ಣು ತರಿಸಿ, ಅಂಗಳ ಅಗೆದಾಗ ಸಿಕ್ಕ ಮರಳುಮಣ್ಣು ಅಷ್ಟೇ ಬೆರೆಸಿದ್ದು. ಘಮೇಲಿನ (ಮಣ್ಣು ಹೊರುವ ಬಾಂಡಲಿ) ಲೆಕ್ಕದಲ್ಲಿ ಕೆಂಪುಮಣ್ಣು ಎರಡು, ಅಂಗಳದ ಮಣ್ಣು ಎರಡು, ಒಣ ಸಗಣಿಗೊಬ್ಬರ ಒಂದು. ಸಮುದ್ರದ ಮರಳು ಬೇಡ, ಉಪ್ಪು. ತೆಂಗಿನ ನಾರಿನ ಪುಡಿ ಬೆಂಗಳೂರಿನ ತಾರಸಿಗೆ ಒಳ್ಳೆಯದು. ಇಲ್ಲಿ ಜಗಲಿ ಮಡಿಯ ಒಂದು ತುದಿಗೆ ಹಾಕಿ ನೋಡಿದ್ದು, ಜುಲೈ ಇಡೀ ಹಿಂಡಿದರೆ ನೀರು ಬರುವಷ್ಟು ಒದ್ದೆ ಇತ್ತು. ತಳಕ್ಕೆಲ್ಲ ಜಲ್ಲಿ ಹಾಸುವ ಅಗತ್ಯವಿಲ್ಲ, ಪ್ರತಿ ತೂತಿನ ಹಿಂದೆ ಎರಡು ಬೊಗಸೆ ಜಲ್ಲಿ ಸಾಕು, ಮಣ್ಣು ಬಂದು ಕಟ್ಟುವುದಿಲ್ಲ.

ಒಣಮೀನಿನ ಪುಡಿ ಹಾಕಿದ್ದು ಪಶ್ಚಾತ್ತಾಪದ ಕೆಲಸ. ತೆಂಗಿನ ಬುಡಕ್ಕೆ ಆಳವಾಗಿ ಹೂತರೆ ಸರಿ, ಮಡಿಯ ಮೇಲ್ಮಣ್ಣಿಗೆ ಬೆರೆಸಿದ ರಾತ್ರಿಯೇ ಬೀದಿನಾಯಿಗಳು ಪಾಗಾರ ಹಾರಿ ಅರ್ಧ ಮಡಿ ಕೆದರಿದವು.

ಮೊದಲ ಹದಿನೈದು ದಿನದ ಮಳೆಗೆ ಮಣ್ಣು ಮೂರು ಇಂಚು ಕೂತಿತು. ಐದಾರು ಘಮೇಲು ಮಣ್ಣು ಮೊದಲೇ ತೆಗೆದು ಮುಚ್ಚಿಟ್ಟಿರಬೇಕು, ಮಳೆ ಹಿಡಿದ ಮೇಲೆ ಒಣಮಣ್ಣು ಎಲ್ಲೂ ಸಿಗುವುದಿಲ್ಲ.

8. ಗಿಡ (2024 ಜೂನ್ ಎರಡನೇ ವಾರದಿಂದ)

ಮಳೆಗೆ ಮುಂಚಿನ ಪಡುಗಾಳಿ ಉಪ್ಪು ಹೊತ್ತು ತರುತ್ತದೆ. ಪಾಗಾರದ ಎತ್ತರ ದಾಟಿದ ಕ್ರೋಟನ್ ಮತ್ತು ಗುಲಾಬಿಯ ಎಲೆಯಂಚು ಎರಡು ದಿನದಲ್ಲಿ ಸುಟ್ಟ ಹಾಗಾಯಿತು. ಆದ್ದರಿಂದ ಪಶ್ಚಿಮ ಮಡಿಯಲ್ಲಿ ಮೇಲೇಳುವ ಜಾಗಕ್ಕೆ ಕಾಗದದ ಹೂವು ಮತ್ತು ಲಕ್ಕಿ, ಅವುಗಳ ಮರೆಯಲ್ಲಿ ಎರಡಡಿಗೊಂದು ಕೇಪಳ ಮತ್ತು ಗೋರಟೆ. ಗಾಳಿ ಬೀಸಿ ಮಳೆ ಬಾರದ ದಿನ ಸಂಜೆ ಎಲೆಗಳ ಮೇಲೆ ನೀರು ಹಾಯಿಸಿದರೆ ಉಪ್ಪು ತೊಳೆದು ಹೋಗುತ್ತದೆ. ಉತ್ತರದ ಮಡಿಗೆ, ತೂತು ಕೊರೆದ ಮೇಲೆ, ಮತ್ತೆ ಅಬ್ಬಲಿಗೆ ಒಂದಡಿಗೊಂದು, ಅಂಚಿಗೆ ದೊಡ್ಡಪತ್ರೆ. ಜಗಲಿಯ ಮುಂದೆ ನಿತ್ಯಪುಷ್ಪ, ಒಂದು ಬದಿಗೆ ಬಸಳೆ ಚಪ್ಪರ. ಕಾಲುವೆಯಲ್ಲಿ ಬಜೆ ಮತ್ತು ಒಂದೆಲಗ, ಎರಡೂ ಕಾಲು ನೆನೆದಷ್ಟೂ ಖುಷಿ. ಬಜೆಯನ್ನು ಪೈಪಿನ ಬಾಯಿಂದ ಮೂರಡಿ ದೂರ ಇಡಬೇಕು, ಇಲ್ಲವಾದರೆ ಒಂದೇ ಮಳೆಗಾಲದಲ್ಲಿ ಗಡ್ಡೆ ಹಬ್ಬಿ ಜಾಳಿಗೆ ಮುಚ್ಚುತ್ತದೆ.

ಪಾಗಾರದ ಹೊರಗಿನ ಪಟ್ಟಿ ನಗರಸಭೆಯ ಜಾಗ. ಹಾಗಾಗಿ ಅಲ್ಲಿ ಕಲ್ಲು, ಗಾರೆ ಇಲ್ಲ, ಆರು ಇಂಚು ಮಣ್ಣಿನ ದಿಬ್ಬ, ಅಂಚಿಗೆ ತೆಂಗಿನ ಸಿಪ್ಪೆ ಬೋರಲಾಗಿ. ನಲ್ಲಿಯ ವಾಲ್ವು ಮತ್ತು ವಿದ್ಯುತ್ ಕಂಬದ ಸುತ್ತ ಎರಡಡಿ ಖಾಲಿ, ಗಟಾರದ ಹೂಳು ಎತ್ತುವವರು ರಾಶಿ ಹಾಕಲು ಒಂದು ತುದಿಯಲ್ಲಿ ನಾಲ್ಕಡಿ ಖಾಲಿ. ಮೊದಲು ನೆಟ್ಟ ಆರು ದಾಸವಾಳವನ್ನು ಬಿಡಾಡಿ ದನಗಳು ಮೂರು ರಾತ್ರಿಯಲ್ಲಿ ಮುಗಿಸಿದವು. ಈಗ ಇರುವುದು ಮಜ್ಜಿಗೆ ಹುಲ್ಲು, ಲಕ್ಕಿ, ನಿತ್ಯಪುಷ್ಪ. ದನ ಮೂಸಿ ಮುಂದೆ ಹೋಗುತ್ತವೆ. ಕಣಗಿಲೆಯನ್ನೂ ದನ ಮುಟ್ಟುವುದಿಲ್ಲ, ಉಪ್ಪುಗಾಳಿಗೂ ಜಗ್ಗುವುದಿಲ್ಲ, ಆದರೆ ಅದು ವಿಷ. ಶಾಲೆ ಮಕ್ಕಳು ಓಡಾಡುವ ರಸ್ತೆಯಂಚಿಗೆ ಬೇಡವೆಂದು ಬಿಟ್ಟದ್ದು.

9. ಪರೀಕ್ಷೆ (2024 ಜುಲೈ)

ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ವಾರದ (ಜುಲೈ 16) ಮಳೆಯೇ ನಿಜವಾದ ಪರೀಕ್ಷೆ. ಮಡಿಗಳು ಕದಲಲಿಲ್ಲ, ದಾರಿಯ ಮೇಲೆ ನೀರು ನಿಲ್ಲಲಿಲ್ಲ. ಅಂಗಳದ ಉಳಿದ ಭಾಗದಲ್ಲಿ ಜೋರು ಮಳೆಗೆ ಎರಡು ಇಂಚು ನಿಂತು, ಮಳೆ ಬಿಟ್ಟ ಮುಕ್ಕಾಲು ತಾಸಿನಲ್ಲಿ ಬಸಿದು ಹೋಗುತ್ತಿತ್ತು. ಎರಡು ದಿನ ಗಟಾರ ಕಸದ ಗೆರೆಯನ್ನೂ ದಾಟಿ ಪೈಪಿನಲ್ಲಿ ನೀರು ಹಿಂದೆ ಬಂತು. ಹಳೆಯ ಬಟ್ಟೆ ತುಂಬಿದ ಗೋಣಿಚೀಲವನ್ನು ಪೈಪಿನ ಬಾಯಿಗೆ ತುರುಕಿ, ಇಳಿತಕ್ಕೆ ತೆಗೆಯುವುದೇ ಸದ್ಯದ ಉಪಾಯ.

ಖರ್ಚು

ಕಳೆದುಕೊಂಡದ್ದು (2023): ಗುಂಡಿ ಅಗೆತ 3,200, ಜಲ್ಲಿ 3,300, ಲಾನ್ 4,800. ಒಟ್ಟು 11,300 ರೂಪಾಯಿ. ಜಲ್ಲಿ ಮಾತ್ರ ಮರುಬಳಕೆಗೆ ಬಂತು.

ಎರಡನೇ ಕೆಲಸ (2023-24): ಚಿರೆಕಲ್ಲು 220, ತಲಾ 48ರಂತೆ 10,560. ಗೌಂಡಿ ನಾಲ್ಕು ದಿನ 4,800. ಇಬ್ಬರು ಆಳು ಆರು ದಿನ 9,600. 20 ಮಿ.ಮೀ. ಜಲ್ಲಿ ಅರ್ಧ ಬ್ರಾಸ್ 2,600. ಸಿಮೆಂಟು ನಾಲ್ಕು ಚೀಲ 1,600, ಎಂ-ಸ್ಯಾಂಡ್ 1,200. ಕೆಂಪುಮಣ್ಣು 2,500, ಗೊಬ್ಬರ ಇಪ್ಪತ್ತು ಚೀಲ 3,000. ಪೈಪು, ಬೆಂಡು, ಜಾಳಿಗೆ 2,200 (ವ್ಯರ್ಥವಾದ 75 ಮಿ.ಮೀ. ಸೇರಿ). ಜಿಯೋ ಬಟ್ಟೆ 15 ಚದರ ಮೀಟರ್ 900. ಗಿಡ 3,400, ಇದರಲ್ಲಿ ಸತ್ತ ಅಬ್ಬಲಿಗೆ, ದನ ತಿಂದ ದಾಸವಾಳ ಎಲ್ಲ ಇವೆ. ಒಟ್ಟು 42,360. ಡ್ರಿಲ್ ಪಕ್ಕದ ಮನೆಯದು, ದಬ್ಬೆ ತೋಟದವರು ಸುಮ್ಮನೆ ಕೊಟ್ಟದ್ದು.

ಬಾಕಿ ಉಳಿದದ್ದು

ನೈಋತ್ಯ ಮೂಲೆಯ ಆ ಒಂದು ಇಂಚು ಈಗಲೂ ಹಾಗೇ ಇದೆ, ಅಂಗೈ ಅಗಲದ ಕೊಚ್ಚೆ ನಿಲ್ಲುತ್ತದೆ. ಬಾವಿ ನೀರು ನಾಲ್ಕಡಿಗಿಂತ ಕೆಳಗಿಳಿದ ಮೇಲೆ ಅಲ್ಲಿಯ ಜಲ್ಲಿ ಎತ್ತಿ ಎರಡು ಘಮೇಲು ಮರಳು ಕೊಡಬೇಕು. ಪೈಪಿನ ಹೊರತುದಿಗೆ, ಒಳಗಿಂದ ತಳ್ಳಿದರೆ ತೆರೆದು ಹೊರಗಿಂದ ತಳ್ಳಿದರೆ ಮುಚ್ಚಿಕೊಳ್ಳುವ ರಬ್ಬರಿನ ಮುಚ್ಚಳ ಕೂರಿಸಿ ನೋಡುವುದಿದೆ. ಹಳೆಯ ಟ್ಯೂಬಿನ ತುಂಡಿನಿಂದ ಮಾಡಿದ ಮೊದಲನೆಯದು ಬಿಸಿಲಿಗೆ ಮುರುಟಿ ಎರಡು ತಿಂಗಳಿಗೆ ಬಾಯಿ ಬಿಟ್ಟಿತು. ಮುಂದಿನದಕ್ಕೆ ಲಾರಿಯ ಮಡ್‌ಫ್ಲ್ಯಾಪ್‌ನಷ್ಟು ದಪ್ಪದ ರಬ್ಬರು ಹುಡುಕಿ ಇಟ್ಟಾಗಿದೆ.